ಸುಶಿಯ ಅನ್ನ, ಅತ್ತೆಯ ಮೂಗು

ಸೇಡು ತೀರಿಸಿಕೊಳ್ಳುವುದರಲ್ಲಿ ನನಗೆ ನಾಚಿಕೆಯೇನಿಲ್ಲ. ಒಳ್ಳೆಯವರು ಮರೆತುಬಿಡುತ್ತಾರಂತೆ, ದೊಡ್ಡವರು ಕ್ಷಮಿಸಿಬಿಡುತ್ತಾರಂತೆ. ನಾನು ಎರಡೂ ಅಲ್ಲ. ಇಂದಿರಾನಗರದ ಒಂದು ಸುಶಿ ಹೋಟೆಲಿನ ಮ್ಯಾನೇಜರನಿಗೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈಯಲ್ಲಿ ಹುರುಪು ಬರುತ್ತದೆ. ಆದರೆ ಹೇಳಬೇಕಾದ್ದು ಅದೊಂದೇ ಅಲ್ಲ, ಹಾಗಾಗಿ ಮೊದಲಿನಿಂದಲೇ ಶುರುಮಾಡುತ್ತೇನೆ.

ನನ್ನ ಅತ್ತೆಗೆ ಈಗ ಎಪ್ಪತ್ತನಾಲ್ಕು. ಮಾವ ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನನ್ನ ಗಂಡ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಕಾರ್ಖಾನೆಯವರು ಅತ್ತೆಗೆ ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟರು. ಪಾತ್ರೆ ತೊಳೆಯುವುದರಿಂದ ಶುರುಮಾಡಿದವರು ನಿವೃತ್ತರಾಗುವ ಹೊತ್ತಿಗೆ ಅನ್ನದ ಉಸ್ತುವಾರಿಯಲ್ಲಿದ್ದರು. ಬೆಳಗಿನ ಪಾಳಿಯಲ್ಲಿ ಮಿಕ್ಕ ಅನ್ನವನ್ನು ಎರಡನೇ ಪಾಳಿಗೆ ಬಡಿಸಬಹುದೋ ಬಾರದೋ ಎಂದು ಹೇಳುವುದು ಅವರ ಕೆಲಸ. ಮುಚ್ಚಳ ತೆಗೆದು ಬಗ್ಗಿ ಮೂಸುತ್ತಿದ್ದರು. ಆಮೇಲೆ ನಾಲ್ಕು ಅಗುಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ, ಬೆರಳು ಅಗಲಿಸಿ ನೋಡುತ್ತಿದ್ದರು. ಎಳೆ ಬಂದರೆ ಹಳಸಿದೆ ಎಂದರ್ಥ. ಅವರು ‘ಸುರೀರಿ’ ಎಂದರೆ ಇಡೀ ಹಂಡೆ ಹೊರಗೆ ಹೋಗುತ್ತಿತ್ತು. ಮೇಲಿನವರು ಬಂದು ‘ಇನ್ನೊಂದ್ಸಲ ನೋಡಮ್ಮ’ ಎಂದರೂ ಅತ್ತೆ ಇನ್ನೊಂದು ಸಲ ನೋಡುತ್ತಿರಲಿಲ್ಲ.

ಆ ಮೂಗನ್ನು ಅವರು ಕ್ಯಾಂಟೀನಿನಲ್ಲೇ ಬಿಟ್ಟು ಬಂದಿದ್ದರೆ ನನ್ನ ಬಾಳು ಹಸನಾಗಿರುತ್ತಿತ್ತು. ಮನೆಗೆ ತಂದರು. ಮದುವೆಯಾಗಿ ಬಂದ ಮಾರನೇ ದಿನದಿಂದ ಇಪ್ಪತ್ತೆರಡು ವರ್ಷ ನನ್ನ ಅನ್ನ ಆ ಮೂಗಿನ ಕೆಳಗೇ ಹಾದುಹೋಗಿದೆ. ‘ನೀರು ಜಾಸ್ತಿ.’ ‘ಅಕ್ಕಿ ತೊಳ್ದಿಲ್ಲ.’ ‘ಬೆಳಗ್ಗೆದು ಕಣೇ ಇದು, ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ?’ ನಾನು ಇನ್ಶೂರೆನ್ಸ್ ಆಫೀಸಿನ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡುವವಳು. ಜಜ್ಜಿಹೋದ ಕಾರುಗಳ ಫೋಟೋ ನೋಡಿ ಸುಳ್ಳು ಎಲ್ಲಿದೆ ಎಂದು ಹೇಳುತ್ತೇನೆ. ಇಡೀ ದಿನ ಹತ್ತಾರು ಜನ ನನ್ನ ಮಾತಿಗೆ ಕಾಯುತ್ತಾರೆ. ಸಂಜೆ ರಾಮಮೂರ್ತಿ ನಗರದ ನಮ್ಮ ಮನೆಗೆ ಬಂದರೆ ಒಂದು ಕುಕ್ಕರ್ ಅನ್ನಕ್ಕೆ ನಾನು ಪರೀಕ್ಷೆ ಕೊಡಬೇಕು. ಹೊಟ್ಟೆ ಉರಿಯುತ್ತಿತ್ತು ಎಂದರೆ ಕಡಿಮೆ. ಇವರ ಮೂಗು ಒಂದು ದಿನವಾದರೂ ತಪ್ಪಲಿ ದೇವರೇ ಎಂದು ನಾನು ನಿಜಕ್ಕೂ ಕೈಮುಗಿದಿದ್ದೇನೆ.

ನನಗೆ ಬಡ್ತಿ ಬಂದಿತ್ತು. ಅದರ ಊಟಕ್ಕೆ ಕಾಲೇಜು ಓದುವ ಮಗಳು ಸುಶಿ ಎಂದು ಹಟ ಹಿಡಿದಳು, ಅನ್ನದ ಉಂಡೆಯ ಮೇಲೆ ಹಸಿಮೀನು ಇಟ್ಟು ಕೊಡುವ ಜಪಾನಿನ ತಿನಿಸು. ‘ಅಮ್ಮ, ಪ್ರತೀ ಸಲ ಅದೇ ಬಿರಿಯಾನಿ ಅಂದ್ರೆ ನಾನ್ ಬರಲ್ಲ, ಹೋಗು.’ ನನ್ನ ಗಂಡ ಯಾರು ಏನಂದರೂ ‘ಆಯ್ತಪ್ಪ’ ಎನ್ನುವ ಮನುಷ್ಯ. ಅತ್ತೆಯನ್ನೂ ಕರೆದುಕೊಂಡು ಭಾನುವಾರ ಹೊರಟೆವು. ಹಳೆ ಮದರಾಸು ರಸ್ತೆಯ ಟ್ರಾಫಿಕ್ಕಿನಲ್ಲಿ ಹೆಣ ಬಿದ್ದುಹೋಗಿ ಮುಟ್ಟುವ ಹೊತ್ತಿಗೆ ಎರಡೂವರೆ. ಒಳಗೆ ಕಾಲಿಟ್ಟ ಕೂಡಲೇ ಹೋಟೆಲಿನವರೆಲ್ಲ ಒಟ್ಟಿಗೆ ಏನೋ ಕೂಗಿದರು. ಅತ್ತೆ ಬೆಚ್ಚಿಬಿದ್ದು, ‘ಯಾಕೆ, ಏನಾಯ್ತು? ಬೆಂಕಿ ಬಿತ್ತಾ?’ ಎಂದರು. ಜಪಾನಿನಲ್ಲಿ ಬಂದವರನ್ನು ಹಾಗೆ ಕೂಗಿ ಕರೆಯುತ್ತಾರಂತೆ.

ಅತ್ತೆ ಹಸಿಮೀನು ಮುಟ್ಟುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಮೊದಲ ತಟ್ಟೆಯ ಮೀನನ್ನು ಬೆರಳಲ್ಲಿ ಒತ್ತಿ, ಮೂಸಿ, ‘ತಾಜಾ ಐತೆ. ಶಿವಾಜಿನಗರದ ಮೀನ್ ಮಾರ್ಕೆಟ್ನಾಗೂ ಇಂಥದ್ದು ಸಿಗಕ್ಕಿಲ್ಲ’ ಎಂದು ಬಾಯಿಗೆ ಹಾಕಿಕೊಂಡರು. ತಿನ್ನಲು ಕೊಟ್ಟ ಜೋಡಿ ಕಡ್ಡಿ ಹಿಡಿಯಲು ಒದ್ದಾಡುತ್ತಿದ್ದ ನನ್ನನ್ನು ನೋಡಿ, ‘ಕೈಗೇನ್ ರೋಗ ನಿಂಗೆ?’ ಎಂದು ಕೇಳಿ ಇನ್ನೆರಡು ತಿಂದರು. ಮಗಳಿಗೆ ಖುಷಿಯೋ ಖುಷಿ. ಗಂಡ ಹೊಟ್ಟೆ ತುಂಬಿತು ಎಂದು ಹಿಂದಕ್ಕೆ ಒರಗಿದರು. ನಾನೇ ಇನ್ನೊಂದು ತಟ್ಟೆ ಹೇಳಿದೆ. ಅದು ಬರಲು ಬಹಳ ಹೊತ್ತಾಯಿತು. ಜನ ತುಂಬಿದ್ದರು.

ಆ ಎರಡನೇ ತಟ್ಟೆ ಮೇಜಿಗೆ ತಾಗುವ ಮೊದಲೇ ಅತ್ತೆ ತಲೆ ಎತ್ತಿದರು. ಒಂದು ಉಂಡೆ ಎತ್ತಿಕೊಂಡು ಮೇಲಿನ ಮೀನು ಸರಿಸಿ ಅನ್ನ ಮೂಸಿದರು.

‘ಅನ್ನ ಹಳಸೈತೆ ಕಣೇ. ಯಾರೂ ತಿನ್ಬೇಡಿ.’

ಪಕ್ಕದ ಮೇಜಿನವರು ತಿರುಗಿ ನೋಡಿದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಲ್ಲೂ ಶುರುಮಾಡಿದರಲ್ಲಪ್ಪ, ನನ್ನ ಬಡ್ತಿಯ ಊಟದಲ್ಲೂ ಇವರ ಮೂಗೇ! ಬಡಿಸುವವನನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿದೆ: ‘ಶಿ ಸೇಸ್ ದಿ ರೈಸ್ ಈಸ್ ಸವರ್.’

ಇಲ್ಲೊಂದು ಮಾತು. ಸವರ್ ಎಂದರೆ ಹುಳಿ. ಹಳಸಿದ್ದಕ್ಕೆ ಸ್ಪಾಯ್ಲ್ಡ್ ಎನ್ನಬೇಕು ಎಂದು ನನಗೆ ಗೊತ್ತಿಲ್ಲವೇ? ದಿನಾ ಆಫೀಸಿನ ಕಾಗದದಲ್ಲಿ ಬರೆಯುವ ಪದ. ಆದರೆ ಅಂಥ ಜಾಗದಲ್ಲಿ, ಅಷ್ಟು ಜನರ ಮುಂದೆ, ನಿಮ್ಮ ಅನ್ನ ಕೆಟ್ಟಿದೆ ಎನ್ನಲು ಬಾಯಿ ಬರಲಿಲ್ಲ. ಮೆತ್ತಗಿನ ಪದ ಹುಡುಕಿದೆ. ಆ ಮೆತ್ತಗಿನ ಪದವೇ ನಮ್ಮ ಕುತ್ತಿಗೆಗೆ ಬಂತು.

ಮ್ಯಾನೇಜರ್ ಬಂದ. ಮೂವತ್ತರ ಆಸುಪಾಸು, ಗಡ್ಡ ನೀಟಾಗಿ ಕತ್ತರಿಸಿಕೊಂಡವನು, ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವನಂತೆ. ಹಲ್ಲುಕಿರಿದು ಅತ್ತೆಯ ಪಕ್ಕ ಮೊಣಕಾಲೂರಿ ಕೂತ. ಅಜ್ಜಿ ಎನ್ನುವ ಬದಲು ತಮಿಳಿನಲ್ಲಿ ‘ಪಾಟಿ’ ಎನ್ನುತ್ತ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ರಾಗ ಎಳೆದು, ಸುತ್ತಲಿನವರಿಗೆಲ್ಲ ಕೇಳುವಂತೆ ಶುರುಮಾಡಿದ.

‘ಪಾಟಿ, ಇದು ಸುಶಿ ರೈಸ್. ವಿನೆಗರ್ ಹಾಕಿರ್ತೀವಿ. ಹುಳಿ ಇರ್ಲೇಬೇಕು. ಅದೇ ಸ್ಪೆಷಲ್ಲು!’

‘ಹುಳಿ ಅಲ್ಲ ಕಣಪ್ಪ, ಹಳಸೈತೆ.’

‘ಹಾ ಹಾ, ಅದೇ ಪಾಟಿ. ಹುಳಿ.’

‘ಅದಲ್ಲ. ಹಳಸೋಗೈತೆ. ಇಲ್ನೋಡು.’ ಅತ್ತೆ ಅಗುಳನ್ನು ಎರಡು ಬೆರಳಲ್ಲಿ ಹಿಸುಕಿ, ಅಗಲಿಸಿ, ಅವನ ಮೂಗಿನ ಮುಂದೆ ಹಿಡಿದರು. ಅವನು ನೋಡಲಿಲ್ಲ. ಹಿಂದೆ ನಿಂತ ಇನ್ನೊಬ್ಬ ಫೋನಿನಲ್ಲಿ ಇದನ್ನೆಲ್ಲ ತೆಗೆಯುತ್ತಿದ್ದ. ಮ್ಯಾನೇಜರ್ ಒಳಗೆ ಏನೋ ಸನ್ನೆ ಮಾಡಿದ. ಎರಡು ನಿಮಿಷದಲ್ಲಿ ಒಂದು ಬಟ್ಟಲು ಮೊಸರನ್ನ ಬಂತು, ಮೇಲೆ ಒಂದು ಪುಟ್ಟ ಕಾಗದದ ಛತ್ರಿ ಚುಚ್ಚಿತ್ತು. ‘ಪಾಟಿಗೋಸ್ಕರ, ಫ್ರೀ!’ ಎಂದ. ಸುತ್ತಲಿನ ಮೇಜಿನವರು ನಕ್ಕರು. ಗಂಡ ನಕ್ಕರು. ಮಗಳು ನಕ್ಕಳು.

ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಆ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು ಆರು ಉಂಡೆಗಳಲ್ಲಿ ಐದನ್ನು ಅತ್ತೆಯ ಮುಖ ನೋಡುತ್ತಲೇ ತಿಂದೆ. ಇಪ್ಪತ್ತೆರಡು ವರ್ಷದ ಅನ್ನದ ಲೆಕ್ಕ ಆ ಹೊತ್ತಿಗೆ ಚುಕ್ತಾ ಆಯಿತು ಎನ್ನಿಸಿತು. ಅತ್ತೆ ಮೊಸರನ್ನ ಮುಟ್ಟಲಿಲ್ಲ. ಕೈ ಒರೆಸಿಕೊಂಡು ಬೀದಿಯ ಕಡೆ ನೋಡುತ್ತ ಕೂತರು.

ಮನೆಗೆ ಬಂದಾಗ ಐದು ಗಂಟೆ. ಐದೂವರೆಗೆ ನನ್ನ ಹೊಟ್ಟೆ ತಿರುಚತೊಡಗಿತು. ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. ಕರುಳು ಕಿತ್ತು ಬರುವ ಹಾಗೆ ವಾಂತಿ. ಸದ್ದು ಕೇಳಬಾರದೆಂದು ನಲ್ಲಿ ಪೂರ್ತಿ ಬಿಟ್ಟಿದ್ದೆ. ಹೊರಗಿನಿಂದ ಅತ್ತೆ, ‘ಯಾರೇ ಅದು ಹಂಗ್ ನೀರ್ ಬಿಟ್ಟಿರೋದು? ಟ್ಯಾಂಕರ್ ನೀರು ಕಣ್ರೇ!’ ಎಂದು ಕೂಗಿದರು. ನಾನು ಗೋಡೆ ಹಿಡಿದು ನಿಂತುಕೊಂಡು, ‘ತಲೆ ತೊಳ್ಕೋತಿದೀನಿ ಅತ್ತೆ’ ಎಂದೆ. ಮಾರನೇ ದಿನ ಆಫೀಸಿನಲ್ಲಿ ಕುರ್ಚಿಯಲ್ಲಿದ್ದದ್ದಕ್ಕಿಂತ ಟಾಯ್ಲೆಟ್ಟಿನಲ್ಲಿದ್ದದ್ದೇ ಹೆಚ್ಚು. ಮನೆಯಲ್ಲಿ ಯಾರ ಮುಂದೆಯೂ ಉಸಿರೆತ್ತಲಿಲ್ಲ. ಆ ಅನ್ನ ನನ್ನೊಬ್ಬಳನ್ನು ಬಿಟ್ಟು ಯಾರೂ ತಿಂದಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವ ದಾರಿಯೂ ಇರಲಿಲ್ಲ. ಅತ್ತೆಯ ಮೂಗು ಸರಿಯಾಗಿತ್ತು ಎಂದು ನಾನು ಒಪ್ಪಬೇಕಿತ್ತು. ಪ್ರಾಣ ಹೋದರೂ ಒಪ್ಪಲಾರೆ ಅಂದುಕೊಂಡೆ.

ಅದು ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಒಂದು ವಾರದ ಮೇಲೆ ಮಗಳ ಗೆಳತಿಯೊಬ್ಬಳು ಅವಳಿಗೆ ಒಂದು ವಿಡಿಯೋ ಕಳಿಸಿದಳು. ಆ ಹೋಟೆಲಿನವರೇ ತಮ್ಮ ಪೇಜಿನಲ್ಲಿ ಹಾಕಿದ್ದು. ಹೆಸರು ‘ಪಾಟಿ ವರ್ಸಸ್ ಸುಶಿ’. ಅತ್ತೆ ಅಗುಳು ಹಿಸುಕಿ ತೋರಿಸುತ್ತಿದ್ದಾರೆ, ‘ಅನ್ನ ಹಳಸೈತೆ’ ಎನ್ನುತ್ತಿದ್ದಾರೆ, ಕೆಳಗೆ ಇಂಗ್ಲಿಷಿನಲ್ಲಿ ‘ರೈಸ್ ಈಸ್ ಸವರ್’ ಎಂದು ಬರುತ್ತದೆ. ನನ್ನದೇ ಪದ. ಮ್ಯಾನೇಜರ್ ಕ್ಯಾಮೆರಾಕ್ಕೆ ಕಣ್ಣು ಹೊಡೆಯುತ್ತಾನೆ. ಆಮೇಲೆ ಛತ್ರಿ ಚುಚ್ಚಿದ ಮೊಸರನ್ನ. ಮೂಲೆಯಲ್ಲಿ ಅಷ್ಟೂ ಹಲ್ಲು ಬಿಟ್ಟುಕೊಂಡು ನಗುತ್ತಿರುವವಳು ನಾನು.

ವಿಡಿಯೋ ನಮ್ಮ ಬೀದಿಗೂ ಬಂತು. ತರಕಾರಿ ಗಾಡಿಯ ಹತ್ತಿರ ನಿಂತಿದ್ದ ಹೆಂಗಸರು, ‘ಏನಜ್ಜಿ, ಸೊಪ್ಪು ಹಳಸೈತಾ ನೋಡಿ ಹೇಳಿ’ ಎಂದು ಕಿಚಾಯಿಸಿದರು. ಕ್ಯಾಂಟೀನಿನಲ್ಲಿ ಅತ್ತೆಯ ಜೊತೆಗಿದ್ದ ಹಳೆಯ ಗೆಳತಿಯೊಬ್ಬಳು ಫೋನು ಮಾಡಿ, ‘ಏನೇ, ಟೀವಿ ಸ್ಟಾರ್ ಆಗ್ಬಿಟ್ಟೆ’ ಎಂದಳಂತೆ. ಅತ್ತೆ ಮೊಮ್ಮಗಳ ಪಕ್ಕ ಕೂತು ವಿಡಿಯೋ ಹಾಕಿಸಿಕೊಂಡು ಎರಡು ಸಲ ನೋಡಿದರು. ಬೈಯಲಿಲ್ಲ. ‘ಹಂಗಾರೆ ಅದು ಹುಳಿನೇ ಇರ್ಬೇಕು’ ಎಂದರು. ‘ವಯಸ್ಸಾಯ್ತಲ್ಲ, ಮೂಗು ಕೈಕೊಟ್ಟಿರ್ಬೇಕು.’

ಅವತ್ತಿನಿಂದ ಅವರು ಬದಲಾದರು. ‘ಈ ಹಾಲು ನೋಡು, ಸರಿ ಐತಾ?’ ‘ಈ ಹಿಟ್ಟು ಮೂಸಿ ಹೇಳಮ್ಮ, ನಂಗೆ ತಿಳಿಯಕ್ಕಿಲ್ಲ.’ ನನ್ನ ಅನ್ನದ ಬಗ್ಗೆ ಒಂದು ಮಾತಿಲ್ಲ. ಕುಕ್ಕರ್ ಮುಚ್ಚಳ ತೆಗೆದರೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಇದಕ್ಕೇ ಅಲ್ಲವೇ ನಾನು ದೇವರಿಗೆ ಕೈಮುಗಿದದ್ದು? ಸಿಕ್ಕಿತು. ಆದರೆ ಅದು ನನಗೆ ಬೇಡವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತು ನನ್ನ ಅಪ್ಪಣೆಗೆ ಕಾಯುವ ಆ ಹೆಂಗಸು ಯಾರೋ ಬೇರೆಯವರು. ಆ ಒಂದು ಮೂಗನ್ನು ನಂಬಿಕೊಂಡು ಮಕ್ಕಳನ್ನು ಸಾಕಿದವರು. ಅವರ ಬದುಕಿನಲ್ಲಿ ಅವರದೇ ಎಂದು ಇದ್ದದ್ದು ಅದೊಂದೇ. ಒಂದೇ ಒಂದು ಮಾತು ಹೇಳಿದ್ದರೆ ಅದು ಅವರಿಗೆ ವಾಪಸ್ಸು ಸಿಗುತ್ತಿತ್ತು. ನಾನು ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ.

ಹೀಗೇ ಒಂದು ತಿಂಗಳು ಹೋಯಿತು. ಒಂದು ಮಧ್ಯಾಹ್ನ ಗಂಡ ಆಫೀಸಿಗೆ ಫೋನು ಮಾಡಿದರು. ಅಮ್ಮ ವಾಂತಿ ಮಾಡಿಕೊಂಡು ಬಿದ್ದಿದ್ದಾರೆ, ಲಿಂಗರಾಜಪುರದ ನರ್ಸಿಂಗ್ ಹೋಮಿಗೆ ಸೇರಿಸಿದ್ದೇವೆ ಎಂದರು. ಓಡಿದೆ. ಅತ್ತೆಯ ಕೈಗೆ ಡ್ರಿಪ್ ಚುಚ್ಚಿದ್ದರು. ಮುಖ ಬಿಳಿಚಿಹೋಗಿತ್ತು. ಹಿಂದಿನ ದಿನ ಕರೆಂಟು ಹೋಗಿ ಫ್ರಿಜ್ಜು ನಿಂತಿತ್ತು. ಅದರಲ್ಲಿದ್ದ ಬಸ್ಸಾರನ್ನು ಮನೆಯಲ್ಲಿ ಒಬ್ಬರೇ ಇದ್ದಾಗ ಬಿಸಿಮಾಡಿಕೊಂಡು ಉಂಡಿದ್ದರು.

‘ಅತ್ತೆ, ಅದು ಕೆಟ್ಟಿತ್ತಲ್ಲ! ವಾಸನೆ ಬರ್ಲಿಲ್ವಾ ನಿಮಗೆ?’

‘ಬಂತು ಕಣಮ್ಮ’ ಎಂದರು. ‘ಬಂತು. ನನ್ ಮೂಗೇ ಸರಿ ಇಲ್ವಲ್ಲ, ಸುಮ್ನೆ ಯಾಕೆ ಚೆಲ್ಲೋದು ಅಂತ ಉಂಡ್ಬಿಟ್ಟೆ.’

ಅಲ್ಲೇ, ಆ ಮಂಚದ ಪಕ್ಕದಲ್ಲೇ, ನಾನು ಆಡಬೇಕಾಗಿದ್ದ ಮಾತು ಆಡಬೇಕಿತ್ತು. ಆಡಲಿಲ್ಲ. ಬದಲಿಗೆ ಆ ಮ್ಯಾನೇಜರನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲೋ ಅಯೋಗ್ಯ, ನಿನ್ನಿಂದ ಈ ಹೆಂಗಸಿಗೆ ಈ ಗತಿ ಬಂತು, ನಿನ್ನನ್ನು ಸುಮ್ಮನೆ ಬಿಟ್ಟರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದುಕೊಂಡೆ. ನನ್ನ ಪಾಲನ್ನೂ ಅವನ ತಲೆಗೇ ಕಟ್ಟಿದೆ. ಅದು ನನಗೆ ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಿಡಿಯೋವನ್ನು ಆಫೀಸಿನ ಫೋಟೋ ನೋಡುವ ಹಾಗೆ ನೋಡಿದೆ. ನಿಲ್ಲಿಸಿ, ಹಿಂದಕ್ಕೆ ಎಳೆದು, ದೊಡ್ಡದು ಮಾಡಿ, ಮತ್ತೆ ಮುಂದಕ್ಕೆ. ಅತ್ತೆ ಬೆರಳು ಅಗಲಿಸುವ ಜಾಗ ಬಂತು. ಹೋಟೆಲಿನವರು ಒಳ್ಳೆಯ ಫೋನಿನಲ್ಲಿ, ಒಳ್ಳೆಯ ಬೆಳಕಿನಲ್ಲಿ ತೆಗೆದಿದ್ದರು, ಪುಣ್ಯಾತ್ಮರು. ಎರಡು ಬೆರಳಿನ ನಡುವೆ ತೆಳ್ಳಗೆ, ಹೊಳೆಯುತ್ತ, ಒಂದು ಎಳೆ ಜೋತಾಡುತ್ತಿತ್ತು. ಊರಿಗೆಲ್ಲ ತೋರಿಸಿ ನಗಲೆಂದು ಹಾಕಿದ ವಿಡಿಯೋದಲ್ಲೇ ಅವರ ತಪ್ಪು ಕಾಣುತ್ತಿತ್ತು. ನನಗೆ ಆದ ಆನಂದವನ್ನು ಹೇಗೆ ಹೇಳಲಿ! ಅದನ್ನು ಫೋನಿನಲ್ಲಿ ಉಳಿಸಿಕೊಂಡೆ, ಮಗಳ ಫೋನಿನಲ್ಲೂ ಉಳಿಸಿದೆ. ಆಹಾರ ಸುರಕ್ಷತೆಯ ಅಧಿಕಾರಿಗೆ ಒಂದು ದೂರಿನ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ.

ಭಾನುವಾರ ಒಂದೂವರೆಗೆ, ಹೋಟೆಲು ಗಿಜಿಗುಡುವ ಹೊತ್ತಿಗೆ ಸರಿಯಾಗಿ ಹೋದೆ. ಮತ್ತೆ ಎಲ್ಲರೂ ಕೂಗಿ ಸ್ವಾಗತ ಮಾಡಿದರು. ಕೂಗ್ರಪ್ಪ ಕೂಗಿ ಎಂದುಕೊಂಡೆ. ಅಡುಗೆಯವರು ಎದುರಿಗೇ ನಿಂತು ಸುಶಿ ಕಟ್ಟುವ ಉದ್ದನೆಯ ಕಟ್ಟೆಯ ಮುಂದೆ ಕೂತೆ. ಅಕ್ಕಪಕ್ಕದಲ್ಲಿ ಏಳೆಂಟು ಜನ ತಿನ್ನುತ್ತಿದ್ದರು. ಕಟ್ಟೆಯ ಆಚೆ ನಿಂತಿದ್ದ ದೊಡ್ಡ ಅಡುಗೆಯವನು ಈಶಾನ್ಯದ ಕಡೆಯವನು, ನಲವತ್ತರ ಹತ್ತಿರದವನು. ನಾವು ಬಂದಿದ್ದ ದಿನ ಅವನು ಇರಲಿಲ್ಲ. ನನ್ನ ಮುಂದೆ ಅಚ್ಚುಕಟ್ಟಾಗಿ ತಟ್ಟೆ ಇಟ್ಟು, ‘ತಗೊಳ್ಳಿ ಮೇಡಂ’ ಎಂದು ಕನ್ನಡದಲ್ಲೇ ಹೇಳಿದ. ಹಲಸೂರಿನಲ್ಲಿ ಎಂಟು ವರ್ಷದಿಂದ ಮನೆ ಮಾಡಿಕೊಂಡಿದ್ದಾನಂತೆ. ಅನ್ನ ಮೂಸಿದೆ. ಚೆನ್ನಾಗಿತ್ತು. ತಿಂದೆ. ಆಮೇಲೆ ಫೋನು ತೆಗೆದು, ಎಳೆ ಕಾಣುವ ಜಾಗದಲ್ಲಿ ನಿಲ್ಲಿಸಿ, ಅವನ ಕಡೆ ತಿರುಗಿಸಿದೆ.

‘ಇದೇನು ಹೇಳ್ತೀರಾ?’

ಅವನು ಕೈ ಒರೆಸಿಕೊಂಡು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

‘ಇದು ನಮ್ಮ ಅನ್ನನಾ ಮೇಡಂ?’

‘ನಿಮ್ದೇ. ಹುಳಿನಾ ಇದು, ಹಳಸಿದ್ದಾ?’

ಅವನು ಒಮ್ಮೆ ಹಿಂದೆ ನೋಡಿದ. ಆಮೇಲೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ, ‘ಹಳಸಿದ್ದು ಮೇಡಂ’ ಎಂದ. ‘ಅವತ್ತಿನ ಅನ್ನ ಮುಗಿದಿರ್ಬೇಕು. ಹಿಂದಿನ ದಿನದ್ದನ್ನ ಬಿಸಿ ಮಾಡಿ ಮೇಲೆ ವಿನೆಗರ್ ಹಾಕಿದಾರೆ. ಹಂಗೆ ಮಾಡಬಾರ್ದು.’

ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಕಡ್ಡಿ ಕೆಳಗಿಟ್ಟಳು. ಅಷ್ಟರಲ್ಲಿ ಮ್ಯಾನೇಜರ್ ಬಂದ. ನನ್ನನ್ನು ಗುರುತಿಸಲಿಲ್ಲ. ವಿಡಿಯೋದ ಮೂಲೆಯಲ್ಲಿ ಹಲ್ಲು ಬಿಟ್ಟವಳು ನಾನೇ ಎಂದು ಹೇಳಿದ ಮೇಲೆ ಗುರುತು ಹತ್ತಿತು.

‘ಮೇಡಂ, ಒಳಗೆ ಆಫೀಸಲ್ಲಿ ಕೂತು ಮಾತಾಡೋಣ.’

‘ಅವತ್ತು ಎಲ್ಲರ ಮುಂದೆ ಮಾತಾಡಿದ್ರಲ್ಲ. ಇವತ್ತೂ ಇಲ್ಲೇ ಮಾತಾಡೋಣ.’

ಮುಂದಿನ ಸಲ ಊಟ ಫ್ರೀ ಎಂದ. ಬೇಡ ಎಂದೆ. ವಿಡಿಯೋ ಈಗಲೇ ತೆಗೆದುಹಾಕುತ್ತೇನೆ ಎಂದ. ಅದೂ ಬೇಡ ಎಂದೆ. ಬ್ಯಾಗಿನಿಂದ ದೂರಿನ ಪತ್ರ ತೆಗೆದು ಅವನ ಮುಂದೆ ಹಿಡಿದೆ. ಓದಿದ. ಇಂಥ ಪತ್ರ ಬರೆಯುವುದೇ ನನ್ನ ಉದ್ಯೋಗ, ಒಂದು ಅಲ್ಪವಿರಾಮವೂ ಅತ್ತಿತ್ತ ಆಗಿರಲಿಲ್ಲ. ಅವನ ಮುಖ ಬಾಡಿತು. ಆಹಾ, ಆ ಮುಖ! ‘ನಿಮಗೇನ್ ಬೇಕು ಹೇಳಿ ಮೇಡಂ’ ಎಂದ.

‘ಅದೇ ಫೋನು ತನ್ನಿ. ವಿಡಿಯೋ ಮಾಡ್ಬೇಕು. ನೀವು ಕನ್ನಡದಲ್ಲಿ ಹೇಳ್ಬೇಕು. ಅಜ್ಜಿ ಹೇಳಿದ್ದು ಸರಿ, ಅವತ್ತು ನಮ್ಮ ಅನ್ನ ಹಳಸಿತ್ತು.’

ಅವನು ಕ್ಯಾಮೆರಾದ ಮುಂದೆ ನಿಂತ. ‘ಅಜ್ಜಿ ಹೇಳಿದ್ದು ಸರಿ. ಅವತ್ತು ನಮ್ಮ ಅನ್ನ ಹಲಸಿತ್ತು.’

‘ನಿಲ್ಸಿ. ಹಲಸು ಅಂದ್ರೆ ಜಾಕ್‌ಫ್ರೂಟು. ಅಜ್ಜಿ ಹಣ್ಣಿನ ವಿಷ್ಯ ಹೇಳಿಲ್ಲ. ಳ. ಅವತ್ತು ಹುಳಿ ಅನ್ನೋವಾಗ ಸರಾಗ ಬಂದಿತ್ತಲ್ಲ, ಅದೇ. ನಾಲಿಗೆ ಮೇಲಕ್ಕೆ ಮಡಚಿ. ಇನ್ನೊಂದ್ಸಲ.’

‘ಹಲ್ಸಿತ್ತು.’

‘ಇನ್ನೊಂದ್ಸಲ.’

ಐದು ಸಲ ಹೇಳಿಸಿದೆ. ಮೂರನೇ ಸಲಕ್ಕೆ ಹಿಂದಿನ ಮೇಜಿನವರು ನಕ್ಕರು. ನಾಲ್ಕನೇ ಸಲಕ್ಕೆ ಯಾರೋ ‘ಟ್ರೈ ಮಾಡು ಗುರು, ಬರುತ್ತೆ’ ಎಂದು ಹುರಿದುಂಬಿಸಿದರು. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಟ್ಟೆಯ ಆಚೆಯಿಂದ ದೊಡ್ಡ ಅಡುಗೆಯವನು ತಡೆಯಲಾರದೆ, ‘ಹ-ಳ-ಸಿತ್ತು ಸಾರ್’ ಎಂದು ಬಿಡಿಸಿ ಹೇಳಿಕೊಟ್ಟ. ಐದನೇ ಸಲ ಸರಿಯಾಗಿ ಬಂತು. ಹಳೆಯ ವಿಡಿಯೋದ ಪಕ್ಕದಲ್ಲೇ ಇದನ್ನು ನನ್ನ ಕಣ್ಣೆದುರೇ ಹಾಕಿಸಿದೆ. ತಿನ್ನುತ್ತಿದ್ದವರಲ್ಲಿ ಮೂರು ಮೇಜಿನವರು ಎದ್ದು ಹೋದರು.

ಆಮೇಲೆ ಸೀದಾ ಹೋಗಿ ದೂರಿನ ಪತ್ರವನ್ನೂ ಪೋಸ್ಟ್ ಮಾಡಿದೆ. ವಿಡಿಯೋ ಹಾಕಿದರೆ ದೂರು ಕೊಡುವುದಿಲ್ಲ ಎಂದು ನಾನೆಲ್ಲಿ ಹೇಳಿದ್ದೆ? ಅವನೇ ಹಾಗೆಂದುಕೊಂಡ. ಮುಂದೆ ಅಧಿಕಾರಿಗಳು ಬಂದು ಹೋದರು, ಹೋಟೆಲು ಕೆಲವು ದಿನ ಬಾಗಿಲು ಹಾಕಿತ್ತು. ಆ ದಾರಿಯಲ್ಲಿ ಹೋಗುವ ಕೆಲಸವಿಲ್ಲದಿದ್ದರೂ ಒಂದು ಸಂಜೆ ಆಟೋ ಮಾಡಿಕೊಂಡು ಹೋಗಿ ಆ ಮುಚ್ಚಿದ ಬಾಗಿಲನ್ನು ನೋಡಿಕೊಂಡು ಬಂದೆ. ಮನಸ್ಸು ತಣ್ಣಗಾಯಿತು.

ಅತ್ತೆ ಹೊಸ ವಿಡಿಯೋವನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಮೊದಲ ಸಲ ನೋಡಿದಾಗ ಕಣ್ಣಲ್ಲಿ ನೀರು ತುಂಬಿಕೊಂಡು, ‘ನೋಡ್ದ್ಯಾ, ನೋಡ್ದ್ಯಾ’ ಎಂದು ಮೊಮ್ಮಗಳ ತೊಡೆಗೆ ಹೊಡೆದರು. ಸಂಜೆಯೇ ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬ ತೆಗೆದು ಮೂಸಿ, ‘ಇದು ನಾಳೆಗೆ ಆಗಕ್ಕಿಲ್ಲ, ಇವತ್ತೇ ದೋಸೆ ಹುಯ್ಯಿ’ ಎಂದರು. ಕೇಳಲಿಲ್ಲ, ಹೇಳಿದರು. ನನಗೆ ಎಷ್ಟು ಹಾಯೆನಿಸಿತು ಎಂದರೆ ಮರುಮಾತಿಲ್ಲದೆ ದೋಸೆ ಹುಯ್ದೆ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಓಡಾಡತೊಡಗಿದರು. ಕಿಚಾಯಿಸಿದ್ದ ಅದೇ ಹೆಂಗಸರ ಮುಂದೆ ನಿಂತು, ‘ಮಗ ನಂಬ್ಲಿಲ್ಲ, ಮೊಮ್ಮಗ್ಳು ನಂಬ್ಲಿಲ್ಲ. ನನ್ ಸೊಸೆ ಒಬ್ಳೇ ನಂಬಿದ್ದು. ಹೋಗಿ ಅವನ ಕಿವಿ ಹಿಂಡಿ ಬಂದ್ಳು, ಹುಲಿ ನನ್ ಸೊಸೆ!’ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಗೇಟಿನ ಈಚೆ ನಿಂತು ಕೇಳಿಸಿಕೊಂಡೆ. ಎರಡು ದಿನ ತಡೆದುಕೊಂಡೆ. ಮೂರನೇ ದಿನ ಅವರು ನನ್ನ ಗಂಡನ ಅಕ್ಕನಿಗೂ ಫೋನಿನಲ್ಲಿ ಅದನ್ನೇ ಹೇಳುವುದು ಕೇಳಿ ತಡೆಯಲಾಗಲಿಲ್ಲ. ಫೋನು ಇಟ್ಟ ಮೇಲೆ ಹತ್ತಿರ ಹೋಗಿ ಕೂತೆ.

‘ಅತ್ತೆ, ನಂಗೆ ಅವತ್ತೇ ಗೊತ್ತಿತ್ತು.’

‘ಯಾವತ್ತು? ಏನು?’

‘ಸುಶಿ ತಿಂದ ದಿನಾನೇ. ಮನೆಗೆ ಬಂದು ಬಚ್ಚಲಲ್ಲಿ ವಾಂತಿ ಮಾಡ್ಕೊಂಡೆ. ಅನ್ನ ಹಳಸಿತ್ತು ಅಂತ ಗೊತ್ತಾಯ್ತು. ನಿಮಗೆ ಹೇಳ್ಲಿಲ್ಲ.’

ಅವರು ನನ್ನ ಮುಖವನ್ನೇ ನೋಡಿದರು. ‘ಯಾಕೆ?’

‘ನೀವು ಗೆದ್ಬಿಡ್ತೀರ ಅಂತ.’

ಫೋನನ್ನು ಪಕ್ಕಕ್ಕೆ ಸರಿಸಿ, ‘ಬೀದಿ ಜನ ಎಲ್ಲಾ ನಗ್ತಿದ್ದಾಗ್ಲೂ ಗೊತ್ತಿತ್ತು?’ ಎಂದರು.

‘ಗೊತ್ತಿತ್ತು.’

‘ನಾನು ಬಸ್ಸಾರು ಉಂಡು ಆಸ್ಪತ್ರೆನಾಗೆ ಮಲಗಿದ್ನಲ್ಲ, ಆಗ್ಲೂ?’

‘ಆಗ್ಲೂ.’

‘ಅವನ ಕೈಲಿ ಎಲ್ಲಾರ ಮುಂದೆ ಹೇಳಿಸ್ದೆ’ ಎಂದರು ಅತ್ತೆ. ‘ನಿನ್ ಕೈಲಿ ಯಾರು ಹೇಳಿಸ್ಬೇಕು?’

ನನಗೆ ಉತ್ತರ ಗೊತ್ತಿತ್ತು. ಎದ್ದು ಬೀದಿಗೆ ಹೋಗಿ ಆ ಹೆಂಗಸರ ಮುಂದೆ ಹೇಳಬಹುದಿತ್ತು. ನಾನು ಏಳಲಿಲ್ಲ. ಕ್ಷಮಿಸಿ ಎಂದೆ. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ, ಎದ್ದು ಒಳಗೆ ಹೋದರು.

ಮಾರನೇ ದಿನದಿಂದ ಅತ್ತೆ ತಮ್ಮ ಅನ್ನವನ್ನು ತಾವೇ ಒಂದು ಪುಟ್ಟ ಪಾತ್ರೆಯಲ್ಲಿ ಮಾಡಿಕೊಳ್ಳುತ್ತಾರೆ. ಮಗ ಕೇಳಿದ್ದಕ್ಕೆ ‘ನಂಗೆ ಮೆತ್ತಗೆ ಬೇಕು’ ಎಂದರು. ನನ್ನ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಬೀದಿಯಲ್ಲಿ ನನ್ನನ್ನು ಹೊಗಳುವುದನ್ನು ಮಾತ್ರ ನಿಲ್ಲಿಸಿದರು. ನನ್ನ ಜೊತೆ ಮಾತಿಗೇನೂ ಕೊರತೆಯಿಲ್ಲ. ನೀರು ಬಂತು, ಗ್ಯಾಸು ಮುಗಿಯಿತು, ಎಲ್ಲ ಹೇಳುತ್ತಾರೆ.

ಮೊನ್ನೆ ಭಾನುವಾರ ಮಧ್ಯಾಹ್ನ ಗಂಡ, ಮಗಳು ಹೊರಗೆ ಹೋಗಿದ್ದರು. ನಾವಿಬ್ಬರೇ ಪಕ್ಕಪಕ್ಕ ಕೂತು ಉಣ್ಣುತ್ತಿದ್ದೆವು. ನಾನು ಹಿಂದಿನ ದಿನದ ಅನ್ನ ಹಾಕಿಕೊಂಡು ಸಾರು ಸುರಿದುಕೊಂಡಿದ್ದೆ, ಅವರು ತಮ್ಮ ಅನ್ನ. ನಾಲ್ಕನೇ ತುತ್ತಿಗೆ ನನ್ನ ನಾಲಿಗೆಗೆ ಗೊತ್ತಾಯಿತು. ಬೆರಳು ಅಗಲಿಸಿ ನೋಡಿದೆ, ಎಳೆ ಬಂತು. ತಲೆ ಎತ್ತಿದೆ. ಒಂದು ಮೊಳ ದೂರದಲ್ಲಿ ಅತ್ತೆ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಕಣ್ಣು ತೆಗೆದು, ತಮ್ಮ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕಲಸತೊಡಗಿದರು.